ಜನ 380ಕ್ಕೆ ನಿಂತುಬಿಟ್ಟರೆ: ಲೀಫಿ ಲೇಕ್ ಪಾರ್ಕಿಗೊಂದು ತಪಾಸಣೆ

ಪ್ರಶ್ನೆ: ಓಪನ್‌ಆರ್‌ಸಿಟಿ2ನಲ್ಲಿ ರೋಲರ್‌ಕೋಸ್ಟರ್ ಟೈಕೂನ್ ಎಂಬ, ಮನರಂಜನಾ ಪಾರ್ಕ್ ಕಟ್ಟಿ ನಡೆಸುವ ಕಂಪ್ಯೂಟರ್ ಆಟದ ಮೊದಲ ಭಾಗದ ‘ಲೀಫಿ ಲೇಕ್’ ಪಾರ್ಕ್ ಆಡುತ್ತಿದ್ದೇನೆ. ಮೂರನೇ ವರ್ಷದ ಅಕ್ಟೋಬರ್ ಕೊನೆಗೆ 500 ಜನ, 600 ರೇಟಿಂಗ್ (ಪಾರ್ಕಿಗೆ ಸಿಗುವ ಒಟ್ಟು ಅಂಕ) ಬೇಕು. ಈಗ ಎರಡನೇ ವರ್ಷದ ಜುಲೈ ಶುರು. ಜನ 380ರ ಆಸುಪಾಸಿನಲ್ಲೇ ನಿಂತಿದ್ದಾರೆ, ರೇಟಿಂಗ್ 540. ದುಡ್ಡು ಸುರಿದು ಕಟ್ಟಿದ ಉಕ್ಕಿನ ಕೋಸ್ಟರ್‌ಗೆ ಎಕ್ಸೈಟ್‌ಮೆಂಟ್ (ರೋಮಾಂಚನದ ಅಂಕ) 1.02, ಇಂಟೆನ್ಸಿಟಿ (ತೀವ್ರತೆಯ ಅಂಕ) 19.10 ಬಂದಿದೆ, ಒಬ್ಬರೂ ಹತ್ತುವುದಿಲ್ಲ. ಎರಡು ಟ್ರೇನ್ ಓಡಿಸುತ್ತಿದ್ದ ಮರದ ಕೋಸ್ಟರ್‌ನಲ್ಲಿ ಮಳೆ ಬರುವಾಗ ಸ್ಟೇಷನ್‌ನಲ್ಲೇ ಡಿಕ್ಕಿಯಾಯಿತು, ಅಂದಿನಿಂದ ಮುಚ್ಚಿದ್ದೇನೆ. ಗೇಟಿಗೂ ಟಿಕೆಟ್ ಇದೆ, ಪಾರ್ಕಿನೊಳಗಿನ ಆಟಗಳಿಗೂ (ರೈಡ್‌ಗಳಿಗೂ) ಇದೆ; ಸಣ್ಣ ಆಟಕ್ಕೆ ಒಂದು ಪೌಂಡ್ ಇಟ್ಟರೂ ‘ಅಷ್ಟು ಕೊಡಲ್ಲ’ ಅನ್ನುತ್ತಾರೆ. ದಾರಿ ತಪ್ಪಿ ಅಲೆಯುವವರು ಬೇರೆ. ಎಲ್ಲಿಂದ ಶುರು ಮಾಡಲಿ? ಜಾಹೀರಾತು ಹಾಕಲೇ?

ಉತ್ತರ: ಜಾಹೀರಾತಿನ ಮಾತು ಕೊನೆಗೆ ಇರಲಿ. ಹೊಸ ಕೋಸ್ಟರ್ ಕಟ್ಟುವ ಯೋಚನೆಯೂ ಸದ್ಯಕ್ಕೆ ಬೇಡ. ನಿಮ್ಮ ಪಾರ್ಕಿನಲ್ಲಿ ನಾಲ್ಕು ತೊಂದರೆಗಳು ಒಂದರ ಮೇಲೊಂದು ಕೂತಿವೆ, ಒಂದೊಂದಕ್ಕೂ ಆಟದೊಳಗೆ ಬೇರೆ ಬೇರೆ ಲೆಕ್ಕ ಇದೆ. 1999ರಲ್ಲಿ ಕ್ರಿಸ್ ಸಾಯರ್ ಬಹುಪಾಲು ಅಸೆಂಬ್ಲಿ ಭಾಷೆಯಲ್ಲೇ ಬರೆದು ಹೊರತಂದ ಆಟವಿದು. ಅದರ ಎರಡನೇ ಭಾಗವನ್ನು 2014ರಿಂದ ಬಿಡಿಸಿ ಓದಿ, ಸಾಲುಸಾಲಾಗಿ ಮರಳಿ ಬರೆದದ್ದೇ ನೀವು ಆಡುತ್ತಿರುವ ಓಪನ್‌ಆರ್‌ಸಿಟಿ2. ಕೋಡ್ ಯಾರು ಬೇಕಾದರೂ ಓದುವ ಹಾಗೆ ತೆರೆದಿರುವುದರಿಂದ ಕೆಳಗೆ ಬರುವ ಅಂಕಿಗಳಿಗೆ ಊಹೆಯ ಅಗತ್ಯವಿಲ್ಲ.

ಮುಚ್ಚಿದ ಆಟ ಲೆಕ್ಕಕ್ಕಿಲ್ಲ

ಪಾರ್ಕಿಗೆ ಎಷ್ಟು ಜನ ಬರಬಹುದು ಎಂಬುದಕ್ಕೆ ಆಟ ಒಳಗೊಳಗೇ ಒಂದು ಮಿತಿ ಇಟ್ಟುಕೊಂಡಿರುತ್ತದೆ. ಪರದೆಯ ಮೇಲೆ ಆ ಸಂಖ್ಯೆ ಕಾಣುವುದಿಲ್ಲ. ಆಡುವವರು ಅದನ್ನು ‘ಸಾಫ್ಟ್ ಕ್ಯಾಪ್’ ಅನ್ನುತ್ತಾರೆ. ಪ್ರತಿ ಬಗೆಯ ಆಟಕ್ಕೂ ಅಂಗಡಿಗೂ ಇಷ್ಟಿಷ್ಟು ಎಂದು ಅಂಕ ಗೊತ್ತುಮಾಡಿದೆ. ತೆರೆದಿರುವ ಎಲ್ಲದರ ಅಂಕ ಕೂಡಿದರೆ ಮಿತಿ ಬರುತ್ತದೆ. ಒಳಗಿರುವ ಜನ ಆ ಮಿತಿಯನ್ನು ದಾಟಿದ ಕೂಡಲೇ ಹೊಸಬರು ಬರುವ ಸಂಭವ ಕಾಲು ಭಾಗಕ್ಕೆ ಇಳಿಯುತ್ತದೆ. ಬರುವವರು, ಮನೆಗೆ ಹೋಗುವವರು ಸರಿಸಮವಾಗಿ ಸಂಖ್ಯೆ ಒಂದೇ ಕಡೆ ತೂಗಾಡುತ್ತದೆ. ನಿಮ್ಮ 380 ಅಂಥದ್ದೇ ಸಂಖ್ಯೆ.

ಇಲ್ಲಿ ‘ತೆರೆದಿರುವ’ ಎಂಬ ಮಾತನ್ನು ಗಮನಿಸಿ. ಕೆಂಪು ಬಾವುಟದಲ್ಲಿರುವ, ಅಂದರೆ ಮುಚ್ಚಿದ, ಆಟಕ್ಕೆ ಸೊನ್ನೆ ಅಂಕ. ಹಳದಿ ಬಾವುಟದ ಪರೀಕ್ಷಾ ಓಟಕ್ಕೂ ಸೊನ್ನೆ. ಕೆಟ್ಟು ನಿಂತದ್ದಕ್ಕೆ, ಅಪಘಾತವಾದದ್ದಕ್ಕೆ ಕೂಡ ಸೊನ್ನೆಯೇ. ಮರದ ಕೋಸ್ಟರನ್ನು ಮುಚ್ಚಿದ ದಿನವೇ ಮಿತಿ ಕುಸಿದಿದೆ. ಕೋಸ್ಟರ್‌ಗಳ ಅಂಕ ಮೆರ್ರಿ-ಗೋ-ರೌಂಡ್‌ನಂಥ ಸಣ್ಣ ಆಟಗಳ ಸುಮಾರು ದುಪ್ಪಟ್ಟು, ಆದ್ದರಿಂದ ಪೆಟ್ಟು ದೊಡ್ಡದೇ.

ಇನ್ನೊಂದು ಸಂಗತಿ ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಈ ಅಂಕ ಬರುವುದು ಆಟದ ಬಗೆಗೆ, ಗಾತ್ರಕ್ಕಲ್ಲ. ಕೆರೆಯನ್ನೆಲ್ಲ ಸುತ್ತಿ ಬರುವ ಕೋಸ್ಟರ್‌ಗೂ ಒಂದು ಸಣ್ಣ ಇಳಿಜಾರು, ಎರಡು ತಿರುವು ಇರುವ ಪುಟ್ಟ ಕೋಸ್ಟರ್‌ಗೂ ಈ ವಿಷಯದಲ್ಲಿ ಒಂದೇ ಬೆಲೆ. ಹಾಗಾಗಿ ಲೀಫಿ ಲೇಕ್‌ನಂಥ ‘ಇಷ್ಟು ಜನ ಸೇರಿಸು’ ಎನ್ನುವ ಗುರಿಗೆ ಒಂದು ಭಾರಿ ಕೋಸ್ಟರ್‌ಗಿಂತ ಅದೇ ದುಡ್ಡಿನಲ್ಲಿ ಮೂರು ಚಿಕ್ಕವು, ನಾಲ್ಕು ಸಣ್ಣ ಆಟಗಳು ಜಾಸ್ತಿ ಕೆಲಸ ಮಾಡುತ್ತವೆ. (ಗೆಸ್ಟ್‌ಗಳು, ಅಂದರೆ ಪಾರ್ಕಿಗೆ ಬರುವ ಜನ, ಬರುವುದೇ ಕಷ್ಟ ಎಂದು ಷರತ್ತು ಹಾಕಿರುವ ಪಾರ್ಕ್‌ಗಳಲ್ಲಿ ಲೆಕ್ಕ ಬೇರೆ: ಅಲ್ಲಿ 1000 ದಾಟಬೇಕಾದರೆ ಕನಿಷ್ಠ 600 ಮೀಟರ್ ಉದ್ದ, 6.00 ಎಕ್ಸೈಟ್‌ಮೆಂಟ್ ಇರುವ ಕೋಸ್ಟರ್‌ಗಳೇ ಬೇಕು. ನಿಮಗೆ ಅದು ಅನ್ವಯಿಸುವುದಿಲ್ಲ.)

ರೇಟಿಂಗ್‌ನ ಕೆಲಸ ಬೇರೆ. ಎಷ್ಟು ಜನ ಎಂಬುದನ್ನು ಮಿತಿ ತೀರ್ಮಾನಿಸಿದರೆ, ಅವರು ಎಷ್ಟು ಬೇಗ ಬರುತ್ತಾರೆ ಎಂಬುದನ್ನು ರೇಟಿಂಗ್ ತೀರ್ಮಾನಿಸುತ್ತದೆ. ರೇಟಿಂಗ್‌ನಿಂದ 200 ಕಳೆದು, ಉಳಿದದ್ದಕ್ಕೆ 50 ಸೇರಿಸಿ. ಅದೇ ಬರುವಿಕೆಯ ಬಲ. 540ರಲ್ಲಿ ಅದು 390, 850ರಲ್ಲಿ 700. ಅಲ್ಲಿಂದ ಮೇಲೆ ರೇಟಿಂಗ್ 999 ಮುಟ್ಟಿದರೂ ಬಲ 700ರಲ್ಲೇ ಇರುತ್ತದೆ. 850 ಆದ ಮೇಲೆ ಹೂಗಿಡ ನೆಡುವುದು ನಿಮ್ಮ ಸಂತೋಷಕ್ಕೆ.

ಮರದ ಕೋಸ್ಟರ್ ಡಿಕ್ಕಿ ಹೊಡೆದದ್ದು ಹೇಗೆ

ಆಟಗಳು ಕೆಡುವ ಬಗೆಗಳಲ್ಲಿ ‘ಬ್ರೇಕ್ ಫೇಲ್ಯೂರ್’ ಒಂದು, ಮಳೆಯಲ್ಲಿ ಅದರ ಸಂಭವ ಹೆಚ್ಚು. ಅದು ಬಂದಾಗ ಸ್ಟೇಷನ್ ಬ್ರೇಕ್ ಹಿಡಿಯುವುದಿಲ್ಲ. ಹಳಿಯ ಮೇಲೆ ನೀವು ಅಲ್ಲಲ್ಲಿ ಇಟ್ಟ ಸಾದಾ ಬ್ರೇಕ್‌ಗಳೂ ಹಿಡಿಯುವುದಿಲ್ಲ. ಸ್ಟೇಷನ್‌ಗೆ ಮುಂಚೆ ನಾಲ್ಕು ಬ್ರೇಕ್ ಸಾಲಾಗಿ ಇಟ್ಟುಕೊಂಡು ನೆಮ್ಮದಿಯಾಗಿರುವವರು ಇಲ್ಲೇ ಕೆಡುವುದು. ಹಿಂದಿನ ಟ್ರೇನ್ ಪೂರ್ತಿ ವೇಗದಲ್ಲಿ ಬಂದು, ಜನ ಹತ್ತಿಸಿಕೊಳ್ಳುತ್ತಾ ನಿಂತ ಟ್ರೇನ್‌ಗೆ ಗುದ್ದುತ್ತದೆ. ಎರಡರ ವೇಗದ ವ್ಯತ್ಯಾಸ ಗಂಟೆಗೆ ಸುಮಾರು 50 ಕಿ.ಮೀ. ದಾಟಿದ್ದರೆ ಸ್ಫೋಟ. ಅದಕ್ಕಿಂತ ಕಡಿಮೆಯಿದ್ದರೆ ಬರೀ ತಳ್ಳಾಟವಾಗಿ ಮುಗಿಯುತ್ತದೆ.

ಮೂರು ಪರಿಹಾರಗಳಿವೆ. ಒಂದೇ ಟ್ರೇನ್ ಓಡಿಸುವುದು ತೀರಾ ಸುಲಭ, ಗುದ್ದಲು ಇನ್ನೊಂದಿಲ್ಲ. ಆದರೆ ಕ್ಯೂ ನಿಧಾನವಾಗಿ ಕರಗುತ್ತದೆ. ಎರಡನೆಯದು, ಸ್ಟೇಷನ್ನನ್ನು ಸ್ವಲ್ಪ ಎತ್ತರದಲ್ಲಿ ಕಟ್ಟಿ, ಟ್ರೇನ್ ಏರು ಹತ್ತಿಕೊಂಡೇ ಒಳಗೆ ಬರುವ ಹಾಗೆ ಮಾಡುವುದು. ಏರು ತಾನಾಗಿ ವೇಗ ತಿನ್ನುತ್ತದೆ, ಅದಕ್ಕೆ ಕೆಡುವ ಭಯವಿಲ್ಲ. ನಿಮ್ಮ ಕೋಸ್ಟರ್ ಆಗಲೇ ನಿಂತಿರುವುದರಿಂದ ಮೂರನೆಯದೇ ಸರಿ: ಬ್ಲಾಕ್ ಬ್ರೇಕ್.

ಬ್ಲಾಕ್ ಎಂದರೆ ಒಂದು ಸಮಯಕ್ಕೆ ಒಂದೇ ಟ್ರೇನ್ ಇರಬಹುದಾದ ಹಳಿಯ ತುಂಡು. ಸ್ಟೇಷನ್ ಒಂದು, ಚೈನ್ ಎಳೆಯುವ ಏರಿನ ತುದಿ ಒಂದು, ನೀವಿಡುವ ಪ್ರತಿ ಬ್ಲಾಕ್ ಬ್ರೇಕ್ ಒಂದೊಂದು. ಟ್ರೇನ್‌ಗಳು ಬ್ಲಾಕ್‌ಗಳಿಗಿಂತ ಒಂದು ಕಡಿಮೆ ಇರಬೇಕು. ನಿಮಗೆ ಎರಡು ಟ್ರೇನ್ ಬೇಕು, ಅಂದರೆ ಮೂರು ಬ್ಲಾಕ್. ಎರಡು ಈಗಾಗಲೇ ಇವೆ. ಸ್ಟೇಷನ್‌ಗೆ ತುಸು ಮುಂಚೆ, ಸಮತಟ್ಟಾದ ನೇರ ಹಳಿಯ ಒಂದೇ ಒಂದು ತುಂಡು ತೆಗೆದು ಆ ಜಾಗದಲ್ಲಿ ಬ್ಲಾಕ್ ಬ್ರೇಕ್ ಹಾಕಿದರೆ ಮುಗಿಯಿತು. ಆಮೇಲೆ ಆಪರೇಟಿಂಗ್ ಪುಟದಲ್ಲಿ ಮೋಡ್ ಅನ್ನು ‘ಕಂಟಿನ್ಯುಯಸ್ ಸರ್ಕ್ಯೂಟ್ ಬ್ಲಾಕ್ ಸೆಕ್ಷನ್ಡ್’ ಎಂದಾಗಿದೆಯೇ ನೋಡಿ, ಆಗಿಲ್ಲದಿದ್ದರೆ ಬದಲಿಸಿ. ಆ ಮೋಡ್ ಇಲ್ಲದಿದ್ದರೆ ಬ್ಲಾಕ್ ಬ್ರೇಕ್ ಟ್ರೇನ್‌ಗಳನ್ನು ಬೇರೆಬೇರೆಯಾಗಿ ಇಡುವುದಿಲ್ಲ. ಸ್ಟೇಷನ್ ಮುಗಿದ ಕೂಡಲೇ, ಇನ್ನೊಂದು ಬ್ಲಾಕ್ ಬ್ರೇಕ್‌ಗೆ ತಗುಲಿಕೊಂಡು, ಅಥವಾ ಚೈನ್ ತುದಿಗೆ ಅಂಟಿಕೊಂಡು ಬ್ಲಾಕ್ ಬ್ರೇಕ್ ಇಡಲು ಆಟ ಬಿಡುವುದಿಲ್ಲ. ಆ ಸಂದೇಶ ಬಂದರೆ ಒಂದು ತುಂಡು ಆಚೆ ಇಡಿ.

ಈ ಮೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಟ್ರೇನ್ ಇದ್ದರೆ ಬ್ರೇಕ್ ಫೇಲ್ಯೂರ್ ಎಂಬ ಕೆಡುಕು ಬರುವುದೇ ಇಲ್ಲ. ಸಂಭವ ಕಡಿಮೆಯಾಗುವುದಲ್ಲ, ಪಟ್ಟಿಯಿಂದಲೇ ಹೊರಗೆ.

ಇಷ್ಟಾದರೂ ಜನ ಆ ಕೋಸ್ಟರ್ ಕಡೆ ತಿರುಗಿ ನೋಡಲಿಕ್ಕಿಲ್ಲ. ಅಪಘಾತದ ನೆನಪು ಆಟಕ್ಕೆ ಅಂಟಿಕೊಂಡಿರುತ್ತದೆ. ‘ಇದು ಸುರಕ್ಷಿತವಲ್ಲ’ ಎನ್ನುವ ಯೋಚನೆ ಗೆಸ್ಟ್‌ಗಳ ತಲೆಯಲ್ಲಿ ಬರುತ್ತಲೇ ಇರುತ್ತದೆ. ಆದ್ದರಿಂದ ಬ್ಲಾಕ್ ಬ್ರೇಕ್ ಇಟ್ಟು ಒಂದು ಪರೀಕ್ಷಾ ಓಟ ಮುಗಿದ ಮೇಲೆ, ಅಳತೆಗಳ ಪುಟದಲ್ಲಿರುವ ಫ್ಲಾಪಿ ಚಿತ್ರ ಒತ್ತಿ ವಿನ್ಯಾಸವನ್ನು ಉಳಿಸಿಕೊಳ್ಳಿ, ಕೋಸ್ಟರನ್ನು ಕೆಡವಿ, ಅದೇ ಜಾಗದಲ್ಲಿ ಉಳಿಸಿದ ವಿನ್ಯಾಸ ಇಡಿ. ಆಟದ ಕಣ್ಣಿಗೆ ಅದು ಹೊಚ್ಚ ಹೊಸದು. ಬೆಲೆಯ ವಿಷಯಕ್ಕೆ ಬಂದಾಗ ಇದರ ಇನ್ನೊಂದು ಲಾಭ ಗೊತ್ತಾಗುತ್ತದೆ.

1.02 ಮತ್ತು 19.10

ಈ ಎರಡು ಅಂಕಿ ನೋಡಿದರೇ ಸಾಕು, ತಪ್ಪು ಎಲ್ಲಿದೆ ಎಂದು ಹೇಳಬಹುದು. ಪಕ್ಕದ ಜಿ, ಅಂದರೆ ತಿರುವಿನಲ್ಲಿ ಮೈಯನ್ನು ಪಕ್ಕಕ್ಕೆ ತಳ್ಳುವ ಬಲ (ಲ್ಯಾಟರಲ್ ಜಿ), 3.10 ದಾಟಿದೆ.

ಆಟದ ಲೆಕ್ಕ ಹೀಗೆ. ಹಳಿಯಲ್ಲಿ ಎಲ್ಲಾದರೂ ಒಂದು ಕಡೆ ಲ್ಯಾಟರಲ್ ಜಿ 2.80 ಮೀರಿದರೆ ಇಂಟೆನ್ಸಿಟಿಗೆ 3.75 ಕೂಡುತ್ತದೆ. 3.10 ಮೀರಿದರೆ ಅದರ ಮೇಲೆ ಮತ್ತೆ 8.50 ಕೂಡಿ, ಅಲ್ಲಿಯವರೆಗೆ ಕೂಡಿಬಂದ ಎಕ್ಸೈಟ್‌ಮೆಂಟ್ ಅರ್ಧಕ್ಕೆ ಇಳಿಯುತ್ತದೆ. ಒಟ್ಟು 12.25. ನಿಮ್ಮ 19.10ರಿಂದ ಅದನ್ನು ಕಳೆಯಿರಿ: 6.85. ಅಷ್ಟೇ ನಿಮ್ಮ ಕೋಸ್ಟರ್‌ನ ನಿಜವಾದ ತೀವ್ರತೆ. ಹಾಳು ಇಲ್ಲಿಗೇ ನಿಲ್ಲುವುದಿಲ್ಲ. ಇಂಟೆನ್ಸಿಟಿ 10.00 ಮುಟ್ಟಿದರೆ ಎಕ್ಸೈಟ್‌ಮೆಂಟ್‌ನಲ್ಲಿ ಕಾಲು ಭಾಗ ಹೋಗುತ್ತದೆ, 11.00ಕ್ಕೆ ಉಳಿದದ್ದರಲ್ಲಿ ಇನ್ನೊಂದು ಕಾಲು; 12.00, 13.20, 14.50ಕ್ಕೆ ಹಾಗೆಯೇ. 19.10 ಇರುವ ನೀವು ಐದೂ ಮೆಟ್ಟಿಲು ಹತ್ತಿದ್ದೀರಿ. ಕೊನೆಗೆ ಕೈಗೆ ಸಿಗುವುದು ನೂರಕ್ಕೆ 24ಕ್ಕೂ ಕಡಿಮೆ. 4.30 ಇದ್ದದ್ದು 1.02 ಆಗಿರುವುದು ಹೀಗೆ. ಅರ್ಧವಾಗುವ ಮೊದಲು ಅದು ಇನ್ನೂ ಮೇಲೇ ಇತ್ತು.

ಗೆಸ್ಟ್‌ಗಳು ಹತ್ತದಿರುವುದಕ್ಕೂ ಲೆಕ್ಕ ಇದೆ. ಎಷ್ಟೇ ಗಟ್ಟಿ ಗುಂಡಿಗೆಯ ಗೆಸ್ಟ್ ಆದರೂ ಸಹಿಸುವ ಇಂಟೆನ್ಸಿಟಿಗೆ 10.00ರ ಗೆರೆ ಇದೆ. ಪೂರ್ತಿ ಖುಷಿಯಲ್ಲಿದ್ದರೆ ಅದಕ್ಕೆ ಹೆಚ್ಚೆಂದರೆ 2.55 ಸೇರುತ್ತದೆ. 12.55 ಮೀರಿದ ಕೋಸ್ಟರ್ ಹತ್ತುವವರು ಈ ಆಟದಲ್ಲಿ ಹುಟ್ಟಿಯೇ ಇಲ್ಲ. ಟಿಕೆಟ್ ಇಳಿಸಿದರೂ ಪ್ರಯೋಜನವಿಲ್ಲ.

ಇನ್ನು ದುರಸ್ತಿ. ಕೋಸ್ಟರ್‌ನ ಕಿಟಕಿಯಲ್ಲಿ ಅಳತೆಗಳ ಪುಟ ತೆರೆಯಿರಿ. ಲ್ಯಾಟರಲ್ ಜಿ 2.80 ಮೀರಿದ್ದರೆ ಅಂಕಿ ಕೆಂಪಾಗಿ ಕಾಣುತ್ತದೆ. ಅದರ ಪಕ್ಕದಲ್ಲಿ ಗ್ರಾಫ್ ಪುಟ. ಅಲ್ಲಿ ಲ್ಯಾಟರಲ್ ಜಿ ಆರಿಸಿ. ಗೆರೆಯಲ್ಲಿ ಒಂದೋ ಎರಡೋ ಕಡೆ ಮುಳ್ಳಿನಂತೆ ಎದ್ದಿರುತ್ತದೆ, ಉಳಿದದ್ದೆಲ್ಲ ಸಾಧು. ಆ ಮುಳ್ಳು ಓಟದ ಎಲ್ಲಿ ಬರುತ್ತದೆ ನೋಡಿಕೊಂಡು ವೇಗದ ಗ್ರಾಫ್‌ಗೆ ಬದಲಿಸಿ. ಹತ್ತರಲ್ಲಿ ಒಂಬತ್ತು ಸಲ ಅದು ಮೊದಲ ದೊಡ್ಡ ಇಳಿಜಾರಿನ ತಳದಲ್ಲಿ, ವೇಗ ತುತ್ತತುದಿಯಲ್ಲಿರುವಾಗ ಹಾಕಿದ ಚಪ್ಪಟೆ ತಿರುವು. ಮೂರು ತುಂಡಿನ ಸಣ್ಣ ತಿರುವಾದರಂತೂ ಕೇಳುವುದೇ ಬೇಡ.

ಆ ತಿರುವೊಂದನ್ನೇ ಬದಲಿಸಿ. ಮೂರು ತುಂಡಿನ ತಿರುವು 2×2 ಚೌಕದಲ್ಲಿ ಕೂರುತ್ತದೆ, ಐದು ತುಂಡಿನ ಅಗಲ ತಿರುವಿಗೆ 3×3 ಬೇಕು. ಜೊತೆಗೆ ಹಳಿಯನ್ನು ಒಳಮಗ್ಗುಲಿಗೆ ವಾಲಿಸಬೇಕು. ವಾಲಿಸುವುದಕ್ಕೆ ತಿರುವಿಗೆ ಮುಂಚೆ ಒಂದು ನೇರ ತುಂಡು, ಆಮೇಲೆ ಮಟ್ಟಕ್ಕೆ ತರಲು ಇನ್ನೊಂದು. ಅಂದರೆ ಇಳಿಜಾರು ಮುಗಿದ ಕೂಡಲೇ ತಿರುಗಲು ಸಾಧ್ಯವಿಲ್ಲ, ಒಂದು ಚೌಕ ಮುಂದೆ ಹೋಗಿಯೇ ತಿರುಗಬೇಕು. ಕೆರೆ ದಂಡೆಯಲ್ಲಿ ಜಾಗ ಅಳೆದುಕೊಳ್ಳುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಜಾಗ ಇಲ್ಲವೇ ಇಲ್ಲ ಎಂದರೆ ತಿರುವನ್ನು ಮುಂದಿನ ಏರಿನ ನೆತ್ತಿಗೆ ಒಯ್ಯಿರಿ. ಅಲ್ಲಿ ಟ್ರೇನ್ ನಿಧಾನವಾಗಿರುವುದರಿಂದ ಅದೇ ಸಣ್ಣ ತಿರುವು ಸದ್ದಿಲ್ಲದೆ ಕೂರುತ್ತದೆ.

ಬದಲಿಸುವ ಮೊದಲು ಕೆಂಪು ಬಾವುಟವನ್ನು ಎರಡು ಸಲ ಒತ್ತಿ. ಒಂದು ಸಲಕ್ಕೆ ಮುಚ್ಚುತ್ತದೆ, ಎರಡನೆಯದಕ್ಕೆ ಟ್ರೇನ್‌ಗಳು ಹಳಿಯಿಂದ ಖಾಲಿಯಾಗುತ್ತವೆ. ಮುಗಿದ ಮೇಲೆ ಪರೀಕ್ಷಾ ಓಟ ಪೂರ್ತಿ ಒಂದು ಸುತ್ತು ಬಂದು ಅಂಕಿ ಕಾಣುವವರೆಗೆ ತೆರೆಯಬೇಡಿ. ಲ್ಯಾಟರಲ್ 2.80ರ ಒಳಗೆ ಬಂದರೆ ಇಂಟೆನ್ಸಿಟಿ 7ರ ಹತ್ತಿರ, ಎಕ್ಸೈಟ್‌ಮೆಂಟ್ 5 ದಾಟಿ ನಿಲ್ಲುತ್ತದೆ. ಲಂಬ ಜಿ ಕೂಡ ಒಮ್ಮೆ ನೋಡಿ: ಮೇಲ್ಮುಖ 5.00, ಕೆಳಮುಖ −2.00 ದಾಟಿದರೆ ಅವೂ ಕೆಂಪಾಗುತ್ತವೆ.

ಬೆಲೆ ಕಟ್ಟುವ ಕ್ರಮ

ಬಿಡದಿಯ ವಂಡರ್‌ಲಾದಲ್ಲೋ ಮೈಸೂರಿನ ಜಿಆರ್‌ಎಸ್‌ನಲ್ಲೋ ಗೇಟಿನಲ್ಲೇ ಟಿಕೆಟ್ ಕೊಂಡು ಒಳಗೆ ಹೋಗಿ ಅಭ್ಯಾಸವಾದವರಿಗೆ ಗೇಟಿಗೆ ದರ ಇಡುವುದು ಸಹಜ ಅನ್ನಿಸುತ್ತದೆ. ಈ ಆಟದಲ್ಲಿ ಅದು ದುಬಾರಿ ತಪ್ಪು. ಗೇಟಿನಲ್ಲಿ ಹಣ ಕೊಟ್ಟು ಬಂದ ಗೆಸ್ಟ್‌ನ ಕಣ್ಣಿನಲ್ಲಿ ಒಳಗಿನ ಪ್ರತಿ ಆಟದ ಮೌಲ್ಯ ಕಾಲು ಭಾಗಕ್ಕೆ ಇಳಿಯುತ್ತದೆ.

ಗೆಸ್ಟ್ ಒಂದು ಆಟಕ್ಕೆ ಅದರ ಮೌಲ್ಯದ ದುಪ್ಪಟ್ಟಿನವರೆಗೆ ಕೊಡಲು ಒಪ್ಪುತ್ತಾನೆ. ಮೌಲ್ಯ 1.60 ಇರುವ ಸಣ್ಣ ಆಟ ಎಂದಿಟ್ಟುಕೊಳ್ಳಿ. ಗೇಟ್ ಉಚಿತವಾಗಿದ್ದರೆ 3.20ರವರೆಗೆ ನಡೆಯುತ್ತದೆ. ಗೇಟಿಗೆ ಟಿಕೆಟ್ ಇದ್ದರೆ ಮೌಲ್ಯ 0.40 ಆಗಿ, 0.80 ದಾಟಿದ ಕೂಡಲೇ ‘ಅಷ್ಟು ಕೊಡಲ್ಲ’. ಒಂದು ಪೌಂಡಿಗೂ ಜನ ಮುಖ ತಿರುಗಿಸುತ್ತಿರುವುದು ಇದಕ್ಕೇ. ಗೇಟನ್ನು ಉಚಿತ ಮಾಡಿ. ಈಗಾಗಲೇ ಟಿಕೆಟ್ ಕೊಂಡು ಒಳಗಿರುವವರ ಲೆಕ್ಕ ಮಾತ್ರ ಬದಲಾಗುವುದಿಲ್ಲ; ಅವರು ಮನೆಗೆ ಹೋಗಿ ಹೊಸಬರು ತುಂಬುವವರೆಗೆ ಆಟಗಳ ದರವನ್ನು ಒಮ್ಮೆಲೇ ಏರಿಸಬೇಡಿ.

ಮೌಲ್ಯವನ್ನು ಆಟ ತೋರಿಸುವುದಿಲ್ಲ, ಆದರೆ ಗೆಸ್ಟ್‌ಗಳ ಯೋಚನೆಯಲ್ಲಿ ಅದು ಸಿಕ್ಕಿಬೀಳುತ್ತದೆ. ದರ ಮೌಲ್ಯದ ಅರ್ಧ ಅಥವಾ ಅದಕ್ಕೂ ಕಡಿಮೆ ಇದ್ದಾಗ ಮಾತ್ರ ‘ಕೊಟ್ಟ ದುಡ್ಡಿಗೆ ಬಹಳ ಒಳ್ಳೆಯದು’ ಎಂಬ ಯೋಚನೆ ಬರುತ್ತದೆ. ಹಾಗಾಗಿ ಕಡಿಮೆ ದರದಲ್ಲಿ ಶುರುಮಾಡಿ, 0.20ರಂತೆ ಏರಿಸುತ್ತಾ ಹೋಗಿ. ಆ ಹೊಗಳಿಕೆ ಹೊಸದಾಗಿ ಬರುವುದು ನಿಂತ ದರ ಯಾವುದೋ ಅದೇ ಹೆಚ್ಚುಕಡಿಮೆ ಅರ್ಧ ಮೌಲ್ಯ. ದುಪ್ಪಟ್ಟು ಮಾಡಿ ಇಡಿ. 1.60ಕ್ಕೆ ಹೊಗಳಿಕೆ ನಿಂತರೆ ದರ 3.20. ಅದರಾಚೆಗೂ ಕೊಡುವವರಿದ್ದಾರೆ ನಿಜ, ಆದರೆ ಮೌಲ್ಯ ಮೀರಿ ಕೊಟ್ಟವರು ಇಳಿಯುವಾಗ ಅಷ್ಟು ತೃಪ್ತರಾಗಿರುವುದಿಲ್ಲ. ರೇಟಿಂಗ್ ಎತ್ತಬೇಕಾದ ನಿಮಗೆ ಆ ಆಸೆ ಸಲ್ಲದು.

ಇಟ್ಟ ದರ ಶಾಶ್ವತವೂ ಅಲ್ಲ. ಕಟ್ಟಿ 5 ತಿಂಗಳಾಗುವವರೆಗೆ ಆಟದ ಮೌಲ್ಯ ಒಂದೂವರೆ ಪಟ್ಟು, 13 ತಿಂಗಳವರೆಗೆ 1.2 ಪಟ್ಟು, 40ರವರೆಗೆ ಸಾದಾ, ಆಮೇಲೆ ಮುಕ್ಕಾಲು. ಇಲ್ಲಿ ವರ್ಷಕ್ಕೆ ಎಂಟೇ ತಿಂಗಳು, ಮಾರ್ಚ್‌ನಿಂದ ಅಕ್ಟೋಬರ್. ಮೊದಲ ವರ್ಷ ಕಟ್ಟಿದ ನಿಮ್ಮ ಆಟಗಳು ಆಗಲೇ ಮೊದಲ ಮೆಟ್ಟಿಲು ಇಳಿದಿವೆ. ಮೊನ್ನೆಯವರೆಗೆ ಕೊಡುತ್ತಿದ್ದ ದರಕ್ಕೆ ಇದ್ದಕ್ಕಿದ್ದಂತೆ ಗೊಣಗಾಟ ಶುರುವಾದರೆ ಕಾರಣ ಇದು. ಕೆಡವಿ ಮತ್ತೆ ಇಟ್ಟ ಮರದ ಕೋಸ್ಟರ್‌ಗೆ ಒಂದೂವರೆ ಪಟ್ಟು ಮರಳಿ ಸಿಗುತ್ತದೆ, ಮೇಲೆ ಹೇಳಿದ ಲಾಭ ಅದೇ. ಒಂದೇ ಬಗೆಯ ಆಟ ಎರಡು ಇದ್ದರೆ ಎರಡರ ಮೌಲ್ಯದಲ್ಲೂ ಕಾಲು ಭಾಗ ಕಡಿತ, ಆದ್ದರಿಂದ ಸಣ್ಣ ಆಟ ಸೇರಿಸುವಾಗ ಬೇರೆ ಬೇರೆ ಬಗೆಯವನ್ನೇ ಆರಿಸಿ.

ಮಳೆಗಾಲದ ಒಂದು ಕಿತಾಪತಿಯನ್ನೂ ಹೇಳಿಬಿಡುತ್ತೇನೆ: ಮಳೆ ಬೀಳುತ್ತಿರುವಾಗ ಗೆಸ್ಟ್‌ಗಳು ಕೊಡೆಯ ಬೆಲೆಯನ್ನೇ ನೋಡುವುದಿಲ್ಲ. ಜೇಬಿನಲ್ಲಿ ಇದ್ದರೆ 20 ಪೌಂಡಿಗೂ ಕೊಳ್ಳುತ್ತಾರೆ. ಹಾಗೆ ಖಾಲಿಯಾದ ಜೇಬು ಕೋಸ್ಟರ್‌ಗೆ ಟಿಕೆಟ್ ಕೊಳ್ಳುವುದಿಲ್ಲ ಎಂಬುದು ನೆನಪಿರಲಿ. ನಿಮ್ಮ ಪಾರ್ಕಿಗೆ ಐದಾರು ಪೌಂಡ್ ಸಾಕು.

ಕಸ, ಮತ್ತು ದಾರಿ ತಪ್ಪಿದವರು

ರೇಟಿಂಗ್‌ನಲ್ಲಿ ಅತಿ ಅಗ್ಗವಾಗಿ ವಾಪಸ್ ಪಡೆಯಬಹುದಾದದ್ದು ಕಸದ ಅಂಕ. ನೆಲದ ಮೇಲಿನ ಪ್ರತಿ ಕಸಕ್ಕೆ, ವಾಂತಿಯೂ ಸೇರಿ, 4 ಅಂಕ ಹೋಗುತ್ತದೆ; 150 ಕಸಕ್ಕೆ 600. ಆದರೆ ಬಿದ್ದು ಸುಮಾರು ಮೂರು ನಿಮಿಷವಾಗದ ಕಸವನ್ನು ಆಟ ಎಣಿಸುವುದಿಲ್ಲ. ಮೂರು ನಿಮಿಷಕ್ಕೊಮ್ಮೆ ಪೊರಕೆ ಹಾಯುವ ಜಾಗದಲ್ಲಿ ನಷ್ಟ ಸೊನ್ನೆ. ಕಸ ಗುಡಿಸುವ ಕೆಲಸಗಾರನ (ಹ್ಯಾಂಡಿಮನ್) ಸಂಬಳ ತಿಂಗಳಿಗೆ 50 ಪೌಂಡ್. ಗಸ್ತಿನ ಜಾಗ ಗುರುತು ಮಾಡದೆ ಬಿಟ್ಟ ಹತ್ತು ಜನಕ್ಕಿಂತ ಚಿಕ್ಕ ಚಿಕ್ಕ ಗಸ್ತು ಕೊಟ್ಟ ಐದು ಜನ ಮೇಲು. ಎಲ್ಲರಲ್ಲೂ ಹುಲ್ಲು ಕತ್ತರಿಸುವ ಗುರುತು ತೆಗೆಯಿರಿ. ಇಲ್ಲದಿದ್ದರೆ ನೀವು ಹುಡುಕುವಾಗ ಅವರು ಕೆರೆ ಏರಿಯ ಆಚೆ ಹುಲ್ಲು ಕೊಯ್ಯುತ್ತಿರುತ್ತಾರೆ. ವಾಂತಿ ತರಿಸುವ ಆಟದ ನಿರ್ಗಮನದಲ್ಲಿ ಒಬ್ಬನನ್ನು ಎಂಟು ಹತ್ತು ಚೌಕಕ್ಕೆ ಕಟ್ಟಿಹಾಕಿ, ಅಲ್ಲೇ ಎರಡು ಬೆಂಚು ಇಡಿ. ತಿಂಡಿ ಅಂಗಡಿಗಳ ಮುಂದೆ ಕಸದ ಬುಟ್ಟಿ.

ಖುಷಿಯ ಲೆಕ್ಕವೂ ರೇಟಿಂಗ್‌ನಲ್ಲಿ 500 ಅಂಕದ್ದು. ಆರರಲ್ಲಿ ಐದು ಜನ ಖುಷಿಯಾಗಿದ್ದರೆ ಪೂರ್ತಿ ಸಿಗುತ್ತದೆ. ಮೇಲಿನ ಮೂರು ಕೆಲಸ ಆದರೆ ಇದು ತಾನಾಗಿ ಏರುತ್ತದೆ. ಶೌಚಾಲಯಕ್ಕೆ 0.20ಕ್ಕಿಂತ ಜಾಸ್ತಿ ಇಡಬೇಡಿ.

ಮನೆಗೆ ಹೊರಟು ಗೇಟ್ ಸಿಗದೆ ಅಲೆಯುವವರು 25 ದಾಟಿದರೆ, ಆಮೇಲಿನ ಒಬ್ಬೊಬ್ಬರಿಗೂ 7 ಅಂಕ ಕಳೆಯುತ್ತದೆ. ನೀವು ಅಗಲವಾದ ಚೌಕಗಳನ್ನು ಹಾಸಿದ್ದೀರಿ ಎಂದು ಅನುಮಾನ. ನೋಡಲು ಚೆಂದ, ನಡೆಯುವವರಿಗೆ ಗೊಂದಲ. ಮುಖ್ಯ ದಾರಿಯನ್ನು ಒಂದೇ ಚೌಕದ ಅಗಲಕ್ಕೆ ಇಳಿಸಿ, ಕೆರೆಯ ಸುತ್ತ ಒಂದು ಬಳಸು ಮಾಡಿ, ಎಲ್ಲಿಗೂ ಹೋಗದ ಕವಲುಗಳನ್ನು ಕಿತ್ತುಹಾಕಿ. ಆಟಗಳ ನಿರ್ಗಮನದ ಹಾದಿ ಮುಖ್ಯ ದಾರಿಗೆ ಕೂಡುವಲ್ಲಿ ‘ನೋ ಎಂಟ್ರಿ’ ಫಲಕ ಇಟ್ಟರೆ ಜನ ಹಿಂದಿನಿಂದ ನುಗ್ಗುವುದಿಲ್ಲ.

ಗೇಟ್ ಪಕ್ಕದಲ್ಲೊಂದು ಮಾಹಿತಿ ಮಳಿಗೆಯೂ ಇರಲಿ, ನಕ್ಷೆಯ ದರ ಕಡಿಮೆ ಇಡಿ. ನಕ್ಷೆ ಇಲ್ಲದ ಗೆಸ್ಟ್ ತಾನಿರುವ ಜಾಗದಿಂದ ಹತ್ತು ಚೌಕದೊಳಗಿನ ಆಟಗಳನ್ನು ಮಾತ್ರ ಯೋಚಿಸುತ್ತಾನೆ. ತೀರಾ ಎತ್ತರದ ಇಳಿಜಾರು ಇರುವವು, 8.00 ಎಕ್ಸೈಟ್‌ಮೆಂಟ್ ಮುಟ್ಟಿದವು ಮಾತ್ರ ಇದಕ್ಕೆ ಹೊರತು. ನಕ್ಷೆ ಕೈಯಲ್ಲಿದ್ದರೆ ಪಾರ್ಕಿನಲ್ಲಿ ಅವನು ಇನ್ನೂ ಹತ್ತದ ಎಲ್ಲ ಆಟವೂ ಅವನ ಪಟ್ಟಿಯಲ್ಲಿರುತ್ತದೆ. ಕೆರೆಯ ಆಚೆ ದಡದ ಆಟಗಳು ಖಾಲಿ ಹೊಡೆಯುತ್ತಿದ್ದರೆ ಬಹುಶಃ ನಕ್ಷೆಯದ್ದೇ ಕೊರತೆ.

ಮೆಕ್ಯಾನಿಕ್‌ಗಳ ವಿಷಯ ಒಂದೇ ಮಾತಿನಲ್ಲಿ: ತಪಾಸಣೆ ಅವಧಿ 10 ನಿಮಿಷಕ್ಕೆ ಇಡಿ, ಮೂರ್ನಾಲ್ಕು ಆಟಕ್ಕೊಬ್ಬ, ಗಸ್ತಿನೊಳಗೆ ಆ ಆಟಗಳ ನಿರ್ಗಮನದ ಚೌಕ ಖಂಡಿತ ಸೇರಿರಲಿ. ಮೆಕ್ಯಾನಿಕ್ ಹೋಗುವುದು ನಿರ್ಗಮನಕ್ಕೆ, ಪ್ರವೇಶಕ್ಕಲ್ಲ. ಸಂಬಳ 80 ಪೌಂಡ್.

ಉಳಿದ ಹನ್ನೆರಡು ತಿಂಗಳು

ಮಾಮೂಲಿ ವೇಗದಲ್ಲಿ ಒಂದು ತಿಂಗಳು ಏಳು ನಿಮಿಷಕ್ಕೆ ತುಸು ಕಡಿಮೆ. ನಿಮ್ಮ ಕೈಯಲ್ಲಿ ಇನ್ನೂ 80 ನಿಮಿಷದ ಆಟ ಇದೆ, ಅವಸರವಿಲ್ಲ. ಆಟವನ್ನು ಸ್ವಲ್ಪ ಹೊತ್ತು ನಿಲ್ಲಿಸಿ (ಪಾಜ್ ಮಾಡಿ) ಮೊದಲು ಗೇಟ್ ಉಚಿತ ಮಾಡಿ, ಹ್ಯಾಂಡಿಮನ್‌ಗಳ ಗಸ್ತು ಗುರುತಿಸಿ. ಆಮೇಲೆ ಎರಡೂ ಕೋಸ್ಟರ್ ದುರಸ್ತಿ ಮಾಡಿ ಜುಲೈ ಮುಗಿಯುವುದರೊಳಗೆ ತೆರೆಯಿರಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಏನೂ ಕಟ್ಟದೆ ಸಂಖ್ಯೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ; ಅದೇ ನಿಮ್ಮ ಹೊಸ ಮಿತಿ. 500ಕ್ಕೆ ಎಷ್ಟು ಕೊರತೆಯಿದೆಯೋ ಅದಕ್ಕೆ ತಕ್ಕಂತೆ ಬೇರೆ ಬೇರೆ ಬಗೆಯ ಸಣ್ಣ ಆಟ, ತಿಂಡಿ, ಪಾನೀಯದ ಅಂಗಡಿ ಸೇರಿಸುತ್ತಾ ಹೋಗಿ. 540ರಿಂದ 560ರವರೆಗೆ ನಿಲ್ಲುವ ಮಿತಿ ಇಟ್ಟುಕೊಂಡರೆ ಒಂದು ಕೋಸ್ಟರ್ ಕೊನೇ ವಾರ ಕೈಕೊಟ್ಟರೂ ತೊಂದರೆಯಿಲ್ಲ. ಸಾಲ ತೀರಿಸುವ ಯೋಚನೆ ಬಿಡಿ, ಗುರಿಯಲ್ಲಿ ಅದಿಲ್ಲ.

ಈಗ ಜಾಹೀರಾತು. ಪಾರ್ಕ್ ಜಾಹೀರಾತಿಗೆ ವಾರಕ್ಕೆ 350 ಪೌಂಡ್, ಒಂದೇ ಆಟದ ಜಾಹೀರಾತಿಗೆ 200, ಉಚಿತ ಸವಾರಿಯ ಅಥವಾ ತಿಂಡಿಯ ಕೂಪನ್‌ಗೆ 50. ಜಾಹೀರಾತು ನೋಡಿ ಬರುವವರಿಗೆ ಆ ಒಳಮಿತಿಯ ಹಂಗಿಲ್ಲ, ಅದನ್ನು ದಾಟಿಯೂ ಬರುತ್ತಾರೆ. ಆದರೆ ವಾರ ಮುಗಿದ ಮೇಲೆ ಅವರು ಮನೆಗೆ ಹೋಗುತ್ತಾರೆ, ಸಂಖ್ಯೆ ಮತ್ತೆ ಮಿತಿಗೇ ಇಳಿಯುತ್ತದೆ. ಎರಡನೇ ವರ್ಷ ಹಾಕುವ ಜಾಹೀರಾತು ಮೂರನೇ ವರ್ಷದ ಎಣಿಕೆಗೆ ಬರುವುದಿಲ್ಲ. ಮೂರನೇ ವರ್ಷದ ಸೆಪ್ಟೆಂಬರ್ ಕೊನೆಗೆ ಸಂಖ್ಯೆ 480ರ ಹತ್ತಿರ ಇದ್ದರೆ ಮಾತ್ರ ಪಾರ್ಕ್ ಜಾಹೀರಾತನ್ನು ನಾಲ್ಕು ವಾರಕ್ಕೆ ಹಾಕಿ; 520 ಇದ್ದರೆ ಆ 1,400 ಪೌಂಡನ್ನು ಇನ್ನಿಬ್ಬರು ಹ್ಯಾಂಡಿಮನ್‌ಗಳ ಸಂಬಳಕ್ಕೆ ಇಟ್ಟುಕೊಳ್ಳಿ. ಅಕ್ಟೋಬರ್‌ನಲ್ಲಿ ಯಾವ ಆಟವನ್ನೂ ದುರಸ್ತಿಗೆಂದು ಮುಚ್ಚಬೇಡಿ.